ಸುಡುಗಾಡಿಗೆ ನಕ್ಷೆ ಬರೆದ ಮಾವ

ನಮ್ಮ ಸೋದರಮಾವನಷ್ಟು ಉತ್ಸಾಹದಿಂದ ಸಾವಿನ ಮನೆಗೆ ಹೋಗುವವರನ್ನು ಆದೋನಿಯಲ್ಲಿ ನೀವು ಕಂಡಿರಲಾರಿರಿ! ಜನ ಹೂವಿನ ಹಾರ ಒಯ್ದರೆ ಇವರು ಅಳತೆಯ ಟೇಪು ಒಯ್ಯುತ್ತಾರೆ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು, ಕೈ ಸುಮ್ಮನಿರಬೇಕಲ್ಲ? ಒಮ್ಮೆ ನಮ್ಮ ಓಣಿಯ ಹಿರಿಯರೊಬ್ಬರ ಚಟ್ಟ ಹೊರಟಾಗ "ಒಂದೀಟು ನಿಲ್ರಿ" ಎಂದು ಹೊತ್ತವರನ್ನೇ ತಡೆದು, ಈ ಭುಜದಿಂದ ಆ ಭುಜಕ್ಕೆ ಟೇಪು ಹಿಡಿದರು. ಸತ್ತವರ ಮಗ ಅಳುವುದನ್ನೂ ಮರೆತು ಇನ್ನೊಂದು ತುದಿ ಹಿಡಿದುಕೊಂಡ!

ಇದಕ್ಕೆಲ್ಲ ಕಾರಣ, ಊರಿಗೆ ಮಂಜೂರಾದ ಗ್ಯಾಸಿನ ಚಿತಾಗಾರ. ಹೈದರಾಬಾದಿನಿಂದ ಬಂದ ಅದರ ಬಣ್ಣದ ನಕ್ಷೆಯನ್ನು ನೋಡಿಬಂದ ಮಾವ ಕೆಂಡವಾಗಿದ್ದರು.

"ಕಾರಂಜಿ ಐತಿ, ಹುಲ್ಲಿನ ಹಾಸು ಐತಿ, ಫೋಟೋ ತೆಗೆಸ್ಕೊಳ್ಳಾಕ ಕಮಾನೂ ಐತಿ. ಜಳಕಕ್ಕ ಒಂದು ನಳ ಇಲ್ಲ! ಹೆಣ ಸುಟ್ಟವರು ಕಾರಂಜ್ಯಾಗ ಮುಳುಗಬೇಕೇನು?"

ನನಗೂ ಸಿಟ್ಟು ಬಂತು. ನಮ್ಮ ಕಡೆಯ ಬಿಸಿಲು ಬಲ್ಲ ಯಾರಾದರೂ ಸುಡುಗಾಡಿನ ಸುತ್ತ ಕಂಬದಂಥ ತಾಳೆ ನೆಡುತ್ತಾರೆಯೇ? ಅದರ ನೆರಳು ಸಿಗಬೇಕೆಂದರೆ ಬಂದವರೆಲ್ಲ ಒಬ್ಬರ ಹಿಂದೊಬ್ಬರು ಸಾಲು ನಿಲ್ಲಬೇಕು!

ಮರುದಿನ ಮಾವ ಆಟೋದಲ್ಲಿ ಒಂದು ಖಾಲಿ ಚಟ್ಟ ಹೇರಿಕೊಂಡು, ನನ್ನನ್ನೂ ಎಳೆದುಕೊಂಡು ಪುರಸಭೆಯ ಕಚೇರಿಗೆ ಹೋದರು. ಎಂಜಿನಿಯರು ಹೌಹಾರಿದರು.

"ಪೆದ್ದಾಯನಾ, ಯಜಮಾನ್ರೇ, ಇದೇನ್ರಿ ಇದು?"

"ಚಿತಾಗಾರಕ್ಕ ಬಾಗಿಲು ನಾಲ್ಕಡಿ ಬರ್ದೀರಿ. ಇಲ್ಲೂ ನಾಲ್ಕಡಿ ಐತಿ. ನಾ ಮಲಗ್ತೀನಿ, ಹೊತ್ಕೊಂಡು ಹೊರಗ ಒಯ್ರಿ ನೋಡೂಣು!"

ಮಲಗಿಯೇಬಿಟ್ಟರು! ಮೂವರು ಗುಮಾಸ್ತರು ಮತ್ತು ನಾನು ಎತ್ತಿದೆವು. ಬಾಗಿಲಲ್ಲಿ ಭುಜಗಳು ಸಿಕ್ಕಿಕೊಂಡು ಚಟ್ಟ ವಾಲಿತು. ಮೇಲಿನಿಂದ ಮಾವ ಕೂಗಿದರು: "ಹೆಣ ಬಿತ್ತು, ಬರ್ಕೊಳ್ರಿ!" ಹೊರಗೆ ಪಿಂಚಣಿಗಾಗಿ ಕುಳಿತಿದ್ದ ಮುದುಕಿಯೊಬ್ಬಳು ಎದೆ ಬಡಿದುಕೊಂಡಳು: "ಅಯ್ಯಯ್ಯೋ, ಕಾದೂ ಕಾದೂ ಇಲ್ಲೇ ಹೋಗಿಬಿಟ್ನಾ ಪಾಪ!"

ಎಂಜಿನಿಯರು ನಕ್ಷೆ ತಿದ್ದಲು ಮಾವನ ಕೈಗೇ ಕೊಟ್ಟರು. ಬಾಗಿಲು ಅಗಲವಾಯಿತು. ನಳ ಬಂತು. ತಾಳೆಯ ಜಾಗಕ್ಕೆ ಬೇವು, ಹೊಂಗೆ ಬಂದವು. ಜಗಳ ಉಳಿದದ್ದು ಹೊಸದಾಗಿ ಸೇರಿಸಿದ ಒಂದೇ ಕೋಣೆಯ ಮೇಲೆ. ಒಳಗೆ ಕಿಟಕಿಯ ಪಕ್ಕ ಒಂದು ಬೆಂಚು ಬರೆದು, ಮಾವ "ಹೆಂಗಸರಿಗೆ" ಎಂದು ಗುರುತು ಹಾಕಿದ್ದರು.

"ಹೆಣ್ಮಕ್ಕಳು ಸುಡುಗಾಡಿಗೆ ಬರ್ತಾರೇನ್ರಿ? ಪದ್ಧತಿ ಅಂತ ಒಂದೈತಲ್ಲ," ಎಂದರು ನಕ್ಷೆ ಒಪ್ಪಲು ಸೇರಿದ್ದ ಪುರಸಭೆಯ ಹಿರಿಯರೊಬ್ಬರು.

"ಸತ್ತ ಮ್ಯಾಲೆ ಆಕೀನ್ನ ಹೊತ್ಕೊಂಡು ಬರ್ತೀರಲ್ಲ, ಅವಾಗ ಎಲ್ಲಿ ಹೋಗಿರ್ತೈತಿ ನಿಮ್ಮ ಪದ್ಧತಿ?"

ಕೋಣೆ ಎದ್ದಿತು.

ಉದ್ಘಾಟನೆಗೆ ಮುಂಚೆ ಒಂದು ಬೆಳಿಗ್ಗೆ ಮಾವ ಅತ್ತೆಯನ್ನು ಅಲ್ಲಿಗೆ ಕರೆದೊಯ್ದರು. ಜೊತೆಗೆ ನಾನೂ ಇದ್ದೆ. ಅವರ ಒಬ್ಬಳೇ ಮಗಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಅವತ್ತು ನಾವು ಗಂಡಸರು ಹೊತ್ತುಕೊಂಡು ಹೊರಟಾಗ ಅತ್ತೆಯನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿದ್ದರು.

ಅತ್ತೆ ಬೆಂಚಿನ ಮೇಲೆ ಕುಳಿತು ಕಿಟಕಿಯಾಚೆ ನೋಡಿದರು. ಆಮೇಲೆ ಕೇಳಿದರು: "ಹುಡುಗೀನ್ನ ಎಲ್ಲಿ ಇಟ್ಟಿದ್ರಿ?"

ಮಾವ ಕಿಟಕಿಯಾಚೆ ಕೈ ತೋರಿಸಿದರು.

"ಬಿಸಲು ಭಾಳ ಇತ್ತೇನ್ರಿ ಅವತ್ತು?"

"ಇಲ್ಲ. ಮೋಡ ಆಗಿತ್ತು. ತಣ್ಣಗಿತ್ತು," ಎಂದರು ಮಾವ.

ಅವತ್ತು ನೆಲಕ್ಕೆ ಕಾಲಿಡಲಾಗದಷ್ಟು ಬಿಸಿಲಿತ್ತು. ಹೊತ್ತವರಲ್ಲಿ ನಾನೂ ಒಬ್ಬ. ಅತ್ತೆ ನನ್ನ ಕಡೆ ತಿರುಗಿದರು. ಹೌದು ಎಂದು ತಲೆಯಾಡಿಸಿದೆ.