ಸಿಡುಕಪ್ಪನವರ ಮೂರನೇ ಕರೆ

ನೀರು ಸರಬರಾಜು ಕಚೇರಿಯಲ್ಲಿ ದೂರಿನ ಫೋನು ಎತ್ತುವ ಗುಮಾಸ್ತರಿಗೆ ಸಹೋದ್ಯೋಗಿಗಳು ಇಟ್ಟಿದ್ದ ಹೆಸರು ಸಿಡುಕಪ್ಪ. ಹೋದ ವಾರ ಯಾರೋ ಸ್ನಾನಕ್ಕೆ ನೀರಿಲ್ಲ ಎಂದು ಗೋಳಾಡಿದಾಗ ಅವರು, "ಒಂದಿನ ಸ್ನಾನ ಬಿಟ್ರೆ ಯಾರೂ ಸಾಯಲ್ಲ, ಇಡ್ರೀ ಫೋನು" ಎಂದುಬಿಟ್ಟರು. ಆ ಯಾರೋ ಸಾಹೇಬರ ಮಾವನಾಗಿದ್ದದ್ದೇ ಎಡವಟ್ಟಾಯಿತು.

ಅದಕ್ಕೇ ಇವತ್ತು ಇಡೀ ಕಚೇರಿಗೆ ತರಬೇತಿ. ಎಲ್ಲರ ಮೊಬೈಲೂ ಬಂದ್. ತರಬೇತಿ ಕೊಡಲು ಬಂದ ಮೇಡಂ ತಮ್ಮ ಕಂಪ್ಯೂಟರ್ ತೆರೆದು, "ಇದರೊಳಗಿನ ಎಐ ನಿಮ್ಮ ದೂರಿನ ಫೋನಿಗೇ ಕರೆ ಮಾಡತ್ತೆ. ಒಂದ್ಸಲ ಮುದುಕ ಆಗತ್ತೆ, ಒಂದ್ಸಲ ಹೆಂಗಸು. ಬೈಯತ್ತೆ, ಅಳತ್ತೆ. ನಿಜವಾದ ಜನ ಅಂತಲೇ ಸಮಾಧಾನ ಮಾಡಿ" ಎಂದು ಫೋನಿನ ಸ್ಪೀಕರ್ ಹಾಕಿದರು.

ಮೊದಲ ಕರೆಯಲ್ಲಿ ಯಂತ್ರ ಮುದುಕನಾಯಿತು. "ನಾಲ್ಕು ದಿನದಿಂದ ನಲ್ಲೀಲಿ ಬರೀ ಗಾಳಿ ಬರ್ತಿದೆ ಸ್ವಾಮಿ."

"ಗಾಳಿಗೆ ನಾವೇನು ಬಿಲ್ ಹಾಕಿದೀವಾ?" ಎಂದರು ಸಿಡುಕಪ್ಪ. ಅಂಕ ಸೊನ್ನೆ.

ಎರಡನೆಯದರಲ್ಲಿ ಪೂರ್ತಿ ಉಲ್ಟಾ. ಮಾತಿಗೊಮ್ಮೆ "ಅಯ್ಯೋ ಪಾಪ" ಎಂದು ಎಷ್ಟು ಮರುಗಿದರೆಂದರೆ ಯಂತ್ರವೇ, "ನಮ್ಮನೇಲಿ ಯಾರೂ ತೀರ್ಕೊಂಡಿಲ್ಲ ಸಾರ್, ನೀರು ಬರ್ತಿಲ್ಲ ಅಷ್ಟೆ" ಎಂದಿತು. ಕಚೇರಿ ಬಿದ್ದು ಬಿದ್ದು ನಕ್ಕಿತು.

ಮೇಡಂ ಸಾಹೇಬರ ಕೋಣೆಗೆ ಚಹಾಕ್ಕೆ ಹೋದರು. ಉಳಿದವರು ಸಿಡುಕಪ್ಪನವರನ್ನು ಮದುಮಗನಂತೆ ಸುತ್ತುವರಿದರು. "ಏನೇ ಅಂದ್ರೂ 'ನೀವು ಹೇಳೋದು ನಿಜ ತಾಯಿ' ಅನ್ನಿ ಸಾರ್, ಸಾಕು" ಎಂದಳು ಟೈಪಿಸ್ಟ್. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಸ್ಪೀಕರಿನ ಗರಗರದ ನಡುವೆ ಒಂದು ಹೆಣ್ಣುದನಿ: "ಗೇಟಿನ ಹತ್ರ ಪೈಪ್ ಒಡೆದು ನೀರು ನಡುಮನೆಗೆ ನುಗ್ತಿದೆ ಸಾರ್. ಎಂಟು ದಿನದಿಂದ ಸೋರ್ತಿತ್ತು. ನಮ್ಮ ಯಜಮಾನರಿಗೆ ಊರವರ ಕಷ್ಟ ಕೇಳೋಕೆ ಪುರುಸೊತ್ತಿದೆ, ಮನೇದು ಕೇಳೋಕಿಲ್ಲ."

ಸಿಡುಕಪ್ಪ ದನಿಗೆ ಬೆಣ್ಣೆ ಸವರಿಕೊಂಡರು. "ನೀವು ಹೇಳೋದು ನಿಜ ತಾಯಿ. ಅಂಥ ಗಂಡನ್ನ ಕಟ್ಕೊಂಡೂ ಸಂಸಾರ ತೂಗಿಸ್ತಿದೀರಲ್ಲ, ನೀವು ದೊಡ್ಡವರು."

ಆ ಕಡೆಯ ದನಿ ಮೆತ್ತಗಾಯಿತು. "ಇಷ್ಟು ವರ್ಷದಲ್ಲಿ ಈ ಮಾತು ಹೇಳಿದೋರು ನೀವೊಬ್ಬರೇ. ವಿಳಾಸ ಬರ್ಕೊಳ್ಳಿ ಸಾರ್."

ಯಂತ್ರಕ್ಕೆ ಎಲ್ಲಿಯ ವಿಳಾಸ? "ಅದೆಲ್ಲ ನಮ್ಮ ಹತ್ರ ಇದ್ದೇ ಇದೆ ತಾಯಿ. ಈಗಲೇ ಜನ ಕಳಿಸ್ತೀನಿ, ನೀವು ನೆಮ್ಮದಿಯಾಗಿರಿ" ಎಂದು ಫೋನಿಟ್ಟರು.

ಚಪ್ಪಾಳೆಗೆ ಸಾಹೇಬರೇ ಓಡಿ ಬಂದರು. ಸಂಗತಿ ಕೇಳಿ ಎಲ್ಲರೆದುರು ಕೈ ಕುಲುಕಿ, "ನಮ್ಮ ಕಚೇರಿಯ ಮಾನ ಉಳಿಸಿದ್ರಿ" ಎಂದರು. ಮೇಡಂ ಮಾತ್ರ ಕಂಪ್ಯೂಟರ್ ನೋಡುತ್ತ, "ಮೂರನೇ ಕರೆ ಇದರಲ್ಲಿ ಕಾಣ್ತಿಲ್ವಲ್ಲ" ಎಂದು ಹುಬ್ಬು ಗಂಟಿಕ್ಕಿದರು.

"ಬಿಡಿ ಮೇಡಂ, ಇಷ್ಟು ಜನ ಕಿವಿಯಾರೆ ಕೇಳಿದಾರೆ" ಎಂದರು ಸಾಹೇಬರು. ಸಿಡುಕಪ್ಪನವರ ಎದೆ ಉಬ್ಬಿ ಅಂಗಿಯ ಗುಂಡಿಗಳು ಕಷ್ಟಕ್ಕೆ ಸಿಕ್ಕಿಕೊಂಡವು. ಸಂಜೆ ಮನೆಯ ಕಡೆ ನಡೆದದ್ದೂ ಮೆರವಣಿಗೆಯ ಠೀವಿಯಲ್ಲೇ.

ತಮ್ಮ ಬೀದಿಯ ತಿರುವಿನಲ್ಲಿ ಚಪ್ಪಲಿ ಒದ್ದೆಯಾಯಿತು. ಮನೆ ಮುಟ್ಟುವಾಗ ನೀರು ಹಿಮ್ಮಡಿ ದಾಟಿತ್ತು. ಒಳಗೆ ಕುರ್ಚಿಗಳು ಮಂಚವೇರಿದ್ದವು. ಪಕ್ಕದ ಮನೆಯಾಕೆ ಬಕೆಟ್ಟಿನಲ್ಲಿ ನೀರೆತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದಳು. ಬೈಗುಳಕ್ಕೆ ಸಿದ್ಧರಾಗಿ ತಲೆ ತಗ್ಗಿಸಿದರೆ, ಪೊರಕೆ ಹಿಡಿದ ಹೆಂಡತಿಯ ಮುಖ ಮಾತ್ರ ಅರಳಿತ್ತು.

"ನಿಮ್ಮ ಮೊಬೈಲ್ ಬಂದ್ ಆಗಿತ್ತು, ಆಫೀಸಿಗೇ ಮಾಡಿದೆ ರೀ. ನೀವೇ ಎತ್ತಿ ಸಿಡುಕ್ತೀರಿ ಅಂದ್ಕೊಂಡಿದ್ದೆ, ಬೇರೆ ಯಾರೋ ಒಬ್ಬರು ಎತ್ತಿದ್ರು. ಎಂಥ ತಾಳ್ಮೆ, ಎಂಥ ಮಾತು. 'ನೀವು ದೊಡ್ಡವರು ತಾಯಿ' ಅಂದ್ರು."

"ಮಧ್ಯಾಹ್ನದಿಂದ ಅವರದ್ದೇ ಭಜನೆ" ಎಂದಳು ಪಕ್ಕದ ಮನೆಯಾಕೆ.

ಸಿಡುಕಪ್ಪ ನಿಂತಲ್ಲೇ ಬೆವತರು. ಭಯದ ಬೆನ್ನಿಗೇ ಎಂಥದೋ ಹೆಮ್ಮೆಯೂ ಉಕ್ಕಿತು. ಮದುವೆಯಾದಂದಿನಿಂದ ಈಕೆ ಯಾರನ್ನೂ ಹೀಗೆ ಹೊಗಳಿದ್ದಿಲ್ಲ. 'ಅದು ನಾನೇ ಕಣೇ' ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಜನ ಮಾತ್ರ ಬರಲಿಲ್ಲ" ಎಂದು ಹೆಂಡತಿ ಪೊರಕೆಯನ್ನು ಗೋಡೆಗೆ ಬಡಿದು ನೀರು ಒದರಿದಳು. "ಆ ಪುಣ್ಯಾತ್ಮರು ಕಳಿಸೇ ಇರ್ತಾರೆ. ನಡುವೆ ಯಾವನೋ ಅಡ್ಡಗಾಲು ಹಾಕಿದಾನೆ. ಅವನು ನನ್ನ ಕೈಗೆ ಸಿಗಲಿ. ನಾಳೆ ಆಫೀಸಿಗೇ ಬರ್ತೀನಿ, ಆ ದೊಡ್ಡ ಮನುಷ್ಯರನ್ನ ತೋರಿಸಿ."

ಸಿಡುಕಪ್ಪ ಮಾತು ನುಂಗಿ, ಪ್ಯಾಂಟು ಮಡಚಿ, ಬಕೆಟ್ಟು ಎತ್ತಿಕೊಂಡರು.

"ಅವರಿಗೆ ಇವತ್ತು ಸಂಜೇನೇ ಬೇರೆ ಊರಿಗೆ ವರ್ಗ ಆಯ್ತು ಕಣೇ."

ಹೆಂಡತಿ ನಿಟ್ಟುಸಿರು ಬಿಟ್ಟಳು. "ನೋಡಿ ನಿಮ್ಮ ಆಫೀಸಿನ ಬುದ್ಧೀನ. ಅಂಥೋರನ್ನ ಕಳಿಸಿ, ನಿಮ್ಮನ್ನ ಇಟ್ಕೊಂಡಿದಾರೆ."