ಯಜಮಾನರ ಪಾಲಿನ ಪ್ರಸಾದ

ಗಂಡಸರು ಮರೆತರೆ ಅದಕ್ಕೆ ಕೆಲಸದ ಒತ್ತಡ ಎಂದು ಹೆಸರು. ಹೆಂಗಸರು ಮರೆತರೆ ವಯಸ್ಸಾಯಿತು ಎಂದು. ನಮ್ಮ ಯಜಮಾನರು ತೆಲುಗು ಸೀಮೆಯ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರು. ಮೊನ್ನೆ ಸಹೋದ್ಯೋಗಿಯ ಮಗಳ ಮದುವೆಗೆಂದು ಹೊರಟು, ಪಕ್ಕದ ಛತ್ರದಲ್ಲಿ ಯಾರದೋ ಮದುವೆಯೂಟ ಉಂಡು, ಉಡುಗೊರೆಯನ್ನೂ ಅಲ್ಲೇ ಕೊಟ್ಟು ಬಂದರು. ಕೇಳಿದರೆ, “ಬಾಯ್ಲರ್ ಟೆನ್ಷನ್ ಕಣೇ,” ಎಂದರು. ಅದೇ ವಾರ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. “ಐವತ್ತಾಯ್ತಲ್ಲ, ಇನ್ನೇನು,” ಎಂದರು. ಬಾಯ್ಲರ್ ಇರುವುದು ಅವರೊಬ್ಬರಿಗೇ ಏನು? ನನ್ನ ಅಡಿಗೆಮನೆಯಲ್ಲೂ ಕುಕ್ಕರು ದಿನಾ ಕೂಗುತ್ತದೆ.

ಉಪ್ಪಿಗೆಲ್ಲ ನಾನು ಹೆದರುವವಳಲ್ಲ. ಹೆದರಿದ್ದು ಒಂದು ಶುಕ್ರವಾರ. ಶುಕ್ರವಾರ ಸಂಜೆ ಕಾಲೊನಿಯ ಹೆಂಗಸರು ನಮ್ಮ ಮನೆಯಲ್ಲಿ ಸೇರಿ ದೇವಿಯ ಸಹಸ್ರನಾಮ ಹೇಳುವುದು ರೂಢಿ. ಅವರೆಲ್ಲ ತೆಲುಗು ಪುಸ್ತಕ ಹಿಡಿದಿರುತ್ತಾರೆ. ಮುಂದೆ ಕೂತು ಬಾಯಿಪಾಠ ಹೇಳುವವಳು ನಾನು. ನಂಜನಗೂಡಿನಲ್ಲಿ ನಮ್ಮಜ್ಜಿ ಕಲಿಸಿದ್ದು. ತೆಲುಗು ಬಾರದೆ ಈ ಊರಿಗೆ ಬಂದವಳಿಗೆ ನಾಲ್ಕು ಜನರ ಮುಂದೆ ಮರ್ಯಾದೆ ಕೊಡಿಸಿದ್ದೂ ಅದೇ. ಆದರೆ ಸಹಸ್ರನಾಮದಲ್ಲಿ ಒಂದರಂತೆಯೇ ಇನ್ನೊಂದು ಕೇಳಿಸುವ ಸಾಲುಗಳಿರುತ್ತವೆ. ಸ್ವಲ್ಪ ಮೈಮರೆತರೂ ನಾಲಿಗೆ ಮುಂದಿನದರಿಂದ ಹಿಂದಿನದಕ್ಕೆ ಜಾರುತ್ತದೆ. ಅಂದು ಜಾರಿತು. ಇನ್ನೇನು ಮುಗಿಯಬೇಕು ಎನ್ನುವಾಗ ಅರ್ಧಕ್ಕೆ ಹೋದೆ. ಮತ್ತೆ ಅಲ್ಲಿಯವರೆಗೆ ಬಂದು ಮತ್ತೆ ಅರ್ಧಕ್ಕೇ ಹೋದೆ. ಪಾಪ, ಅವರೂ ಪುಟ ಹಿಂದಕ್ಕೆ ತಿರುವಿ ನನ್ನ ಜೊತೆಗೇ ಬಂದರು. ತಟ್ಟೆಯ ಕುಂಕುಮ ಮುಗಿಯಿತು. ಪಕ್ಕದ ಮನೆಯ ರಾಜೇಶ್ವರಿ ಮೆಲ್ಲಗೆ, “ಏಂಟಿ ವದಿನಾ, ಏಮೈನಾ ಮೊಕ್ಕಾ?” ಎಂದಳು. ಏನಾದರೂ ಹರಕೆಯೇ ಅತ್ತಿಗೆ, ಎಂದು.

ನಕ್ಕುಬಿಟ್ಟೆ. ಮನಸ್ಸು ಮಾತ್ರ ತವರಿಗೆ ಓಡಿತ್ತು. ನಮ್ಮಮ್ಮ ಕೊನೆಗಾಲದಲ್ಲಿ ನನ್ನ ಕೆನ್ನೆ ಸವರಿ, “ಯಾರ ಮಗಳಮ್ಮಾ ನೀನು? ಊಟ ಆಯ್ತಾ?” ಎಂದು ಕೇಳಿದ್ದಳು. ಮಗಳು ಮರೆತುಹೋದರೂ ಊಟ ಕೇಳುವುದು ಮರೆಯಲಿಲ್ಲವಲ್ಲ, ಅಷ್ಟಾದರೂ ದೇವರು ಉಳಿಸಿದ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಈಗ ನನಗೂ ಅದೇ ದಾರಿಯೇ? ಎಲ್ಲ ಹೋದರೂ ದೇವಿಯ ನಾಮ ನಾಲಿಗೆಯ ಮೇಲೆ ಉಳಿದೀತು ಎಂದು ನಂಬಿದವಳು ನಾನು. ಮೊದಲು ಹೊರಟಿದ್ದು ಅದೇ ಆದರೆ?

ಯಜಮಾನರಿಗೆ ಸಕ್ಕರೆ ಕಾಯಿಲೆ. ಅವರು ಪೇಟೆಯ ಪಟಮಟ ಬಡಾವಣೆಯ ಡಾಕ್ಟರಮ್ಮನ ಹತ್ತಿರ ಹೊರಟಾಗ ನಾನೂ ಬಸ್ಸು ಹತ್ತಿದೆ. ಆಕೆ ಬಳ್ಳಾರಿಯಲ್ಲಿ ಓದಿದವರು, ಅಲ್ಲಿನ ಕನ್ನಡವನ್ನೇ ಆಡುತ್ತಾರೆ. ನಾನು ಅಮ್ಮನ ಕಥೆ ಹೇಳಿ ತಲೆಯ ಮಾತು ಎತ್ತಿದರೆ ಅವರು ವಾರ, ತಾರೀಖು ಎಂದು ನೆನಪಿನ ನಾಲ್ಕು ಪ್ರಶ್ನೆ ಕೇಳಿ ಸೊಂಟದ ಸುತ್ತ ಟೇಪು ಹಿಡಿದರು, ಬಿ.ಪಿ. ನೋಡಿದರು, ರಕ್ತ ತೆಗೆಸಿದರು.

“ತಲೆಗೂ ಹೊಟ್ಟೆಗೂ ಏನು ಡಾಕ್ಟರೇ ಸಂಬಂಧ?”

“ತಲೀಗೂ ರಕ್ತನೇ ಹೋಗಬೇಕಲ್ರೀ ಅಮ್ಮಾ. ಸಕ್ಕರೆ, ಬಿ.ಪಿ., ಬೊಜ್ಜು, ಇವು ಗುಂಡಿಗೆಗೆ ಮಾಡೋ ಕಾಟ ಮಿದುಳಿಗೂ ಮಾಡ್ತಾವ. ಗಂಡಸರಿಗೆ ಸಾಮಾನ್ಯ ಮೊದಲು ಶುರು. ಹೆಂಗಸರಿಗೆ ಮುಟ್ಟು ನಿಲ್ಲೋ ತನಕ ಒಂದಿಷ್ಟು ಕಾವಲು. ಆಮೇಲೆ ನೀವೂ ಓಡಿ ಬಂದು ಅವರನ್ನ ಹಿಡೀತೀರಿ.”

ಹಿಡಿಯುವುದೇನು, ನಾನು ದಾಟಿಯೇ ಬಿಟ್ಟಿದ್ದೆ. ರಿಪೋರ್ಟು ಬಂದಾಗ ನನ್ನ ಸಕ್ಕರೆ ಯಜಮಾನರದಕ್ಕಿಂತ ಹೆಚ್ಚು! ಅವರ ಮುಖದಲ್ಲಿ ಬಡ್ತಿ ಸಿಕ್ಕಷ್ಟು ಕಳೆ.

“ಸಿಹಿ ಏನು ತಿಂತೀರಿ?” ಎಂದರು ಡಾಕ್ಟರಮ್ಮ.

“ಏನೂ ಇಲ್ಲ. ಪ್ರಸಾದ, ಅಷ್ಟೇ.”

ಆ ಅಷ್ಟೇ ಎಷ್ಟು ಎಂದು ಬಿಡಿಸಿ ಹೇಳಬೇಕಾಯಿತು. ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದುರ್ಗಮ್ಮನ ದರ್ಶನ ಮಾಡಿದವರೆಲ್ಲ ಲಾಡು ತಂದುಕೊಡುತ್ತಾರೆ. ಶುಕ್ರವಾರದ ಸಿಹಿ ಪೊಂಗಲ್ಲು ಬೇರೆ. ಪ್ರಸಾದವನ್ನು ಬೇಡ ಎನ್ನುವಂತಿಲ್ಲ, ಚೆಲ್ಲುವಂತಿಲ್ಲ, ಯಜಮಾನರಿಗೆ ಕೊಡುವಂತೆಯೂ ಇಲ್ಲ. ಹಾಗಾಗಿ ಅವರ ಪಾಲನ್ನೂ ಕಣ್ಣಿಗೊತ್ತಿಕೊಂಡು ನಾನೇ ಮುಗಿಸುತ್ತಿದ್ದೆ. ಗಂಡನ ಆರೋಗ್ಯ ಕಾಯುತ್ತಿದ್ದೇನೆ ಎಂಬ ಪುಣ್ಯದ ಲೆಕ್ಕದಲ್ಲಿ ಬೇರೆ.

“ನೋಡಿ ಡಾಕ್ಟರೇ, ನನ್ನ ಸಕ್ಕರೇನೆಲ್ಲ ಇವಳೇ ಇಟ್ಕೊಂಡಿದಾಳೆ,” ಎಂದರು ಯಜಮಾನರು.

ಡಾಕ್ಟರಮ್ಮ ನಗಲಿಲ್ಲ. “ಒಂದು ಅಗುಳು ತಿಂದ್ರೆ ದುರ್ಗಮ್ಮ ಒಲ್ಲೆ ಅಂತಾಳೇನ್ರೀ? ನಿಮ್ಮ ತಾಯಿ ಕಾಯಿಲೆ ಈಗ ನಿಮಗಿಲ್ಲ. ಮುಂದೂ ಬರಲ್ಲ ಅಂತ ನಾನು ಹೇಳೋಕಾಗಲ್ಲ. ಆದ್ರ ಈ ವಯಸ್ಸಿನಾಗ ಸಕ್ಕರೆ, ಬಿ.ಪಿ. ಹಿಡಿತದಾಗ ಇಟ್ರೆ ತಲೀಗೆ ಒಳ್ಳೇದು. ನಡೀರಿ ದಿನಾ, ಇಬ್ಬರೂ.”

ಈಗಿಲ್ಲ ಎಂದರಲ್ಲ, ನನಗೆ ಅಷ್ಟು ಸಾಕಾಗಿತ್ತು. ಮರುದಿನದಿಂದಲೇ ಕಾಲೊನಿಯ ರಸ್ತೆಯಲ್ಲಿ ಇಬ್ಬರೂ ನಡೆಯತೊಡಗಿದೆವು. ಶುಕ್ರವಾರ ಬಂದಾಗ ನಾಚಿಕೆ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಅಜ್ಜಿಯ ಕನ್ನಡ ಪುಸ್ತಕ ತೆಗೆದು ತೊಡೆಯ ಮೇಲೆ ಬಿಡಿಸಿಕೊಂಡೆ. ಅಕ್ಷರದ ಮೇಲೆ ಬೆರಳಿಟ್ಟು ಹೇಳುತ್ತ ಹೋದವಳು ನಡುವೆ ಒಂದು ಕಡೆ ನಿಂತೆ. ಎಂದೂ ಕಾಣದ ಸಾಲೊಂದು ಅಲ್ಲಿ ಕೂತಿತ್ತು.

“ರಾಜೇಶ್ವರೀ, ಈ ಸಾಲು ನಿಮ್ಮ ಪುಸ್ತಕದಲ್ಲೂ ಇದೆಯಾ?”

“ಉಂದಿ ವದಿನಾ. ಮೀರು ಎಪ್ಪುಡೂ ವದಿಲೇಸ್ತಾರು ಕದಾ,” ಎಂದಳು. ಇದೆ ಅತ್ತಿಗೆ, ನೀವು ಯಾವಾಗಲೂ ಅದನ್ನು ಬಿಟ್ಟೇ ಹೇಳುತ್ತೀರಲ್ಲ, ಎಂದು. “ಮತ್ತೆ ಇಷ್ಟು ವರ್ಷ ಹೇಳಲಿಲ್ಲ ಯಾಕೆ?” ಎಂದರೆ, ಕರ್ನಾಟಕದ ಕಡೆ ಹಾಗೇ ಪದ್ಧತಿ ಇರಬೇಕು ಎಂದು ಎಲ್ಲರೂ ಸುಮ್ಮನಿದ್ದರಂತೆ!

ಅಂದರೆ ನಂಜನಗೂಡಿನಲ್ಲಿ ಎರಡು ಜಡೆ ಹಾಕಿಕೊಂಡು ಕಲಿತ ದಿನದಿಂದಲೂ ಆ ಸಾಲು ನನ್ನ ತಲೆಯೊಳಗೆ ಬಂದೇ ಇರಲಿಲ್ಲ. ಅದಿಲ್ಲದೆಯೇ ದೇವಿ ಇಷ್ಟು ವರ್ಷ ಕಾಪಾಡಿದಳಲ್ಲ ಎಂದು ಕೈ ಮುಗಿದೆ. ಮಿದುಳು ಮುದಿಯಾಯಿತೆಂದು ಪಟಮಟದವರೆಗೆ ಬಸ್ಸು ಹಿಡಿದು ಹೋಗಿದ್ದೆ; ಎಳೆಯದಾಗಿದ್ದಾಗಲೂ ಅದು ಅಂಥ ಜಾಣ ಮಿದುಳೇನೂ ಆಗಿರಲಿಲ್ಲ ಎಂದು ತಿಳಿದು, ನಿಜ ಹೇಳುತ್ತೇನೆ, ಎಷ್ಟೋ ನೆಮ್ಮದಿಯಾಯಿತು.