ಚಕ್ರದಡಿಯ ನಿಂಬೆಹಣ್ಣಿನ ಪರೀಕ್ಷೆ

ಪರೀಕ್ಷೆಯ ದಿನ ಏನೇನು ಕೆಡಬಹುದು ಎಂಬುದನ್ನೆಲ್ಲ ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಕರೆಂಟು ಹೋಗಿ ಪ್ರಶ್ನೆಪತ್ರಿಕೆಯ ಜೆರಾಕ್ಸು ಅರ್ಧಕ್ಕೇ ನಿಲ್ಲಬಹುದು. ಕರೆಂಟು ಇದ್ದೂ ಜೆರಾಕ್ಸ್ ಅಂಗಡಿಯವನು ಬೀಗರೂಟಕ್ಕೆ ಹೋಗಿರಬಹುದು. ಜೆರಾಕ್ಸು ಆದರೂ ಕಾಲೇಜಿನ ಮುಂದಿನ ಅರಳಿಮರದ ಕೋತಿಗಳು ಆ ಕಟ್ಟನ್ನೇ ಎತ್ತಿಕೊಂಡು ಹೋಗಿ ಕೊಂಬೆಯ ಮೇಲೆ ಕೂತು ಓದಬಹುದು. ಯಾರೋ ದೊಡ್ಡವರು ತೀರಿಕೊಂಡು ರಜೆ ಘೋಷಣೆಯಾಗಬಹುದು. ಕೋಡಿಹಳ್ಳಿ ಕಡೆಯ ಬಸ್ಸು ಕೆಟ್ಟು ಅರ್ಧ ತರಗತಿ ರಸ್ತೆಯಲ್ಲೇ ಉಳಿಯಬಹುದು. ಕಾಡಂಚಿನ ಊರುಗಳ ಮಕ್ಕಳಿಗೆ ಆನೆ ಅಡ್ಡ ಬರಬಹುದು. ಇದು ಉತ್ಪ್ರೇಕ್ಷೆಯಲ್ಲ; ನಮ್ಮ ಕಾಲೇಜಿನಲ್ಲಿ ತಡವಾಗಿ ಬಂದವರು 'ಆನೆ ಸಾರ್' ಎಂದರೆ ನಾವು ಮರುಮಾತಾಡದೆ ಒಳಗೆ ಬಿಟ್ಟುಕೊಳ್ಳುತ್ತೇವೆ. ಪ್ರಶ್ನೆಗಳನ್ನು ನೋಡಿ ಯಾವುದಾದರೂ ಹುಡುಗಿ ತಲೆಸುತ್ತಿ ಬೀಳಬಹುದು. ಯಾರೂ ಬೀಳದಿದ್ದರೆ ನಾನೇ ಬೀಳಬಹುದು!

ಇವುಗಳಲ್ಲಿ ಒಂದೂ ಆಗಲಿಲ್ಲ.

ಕನಕಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ. ವಯಸ್ಸು ಐವತ್ತು ದಾಟಿದೆ. ಬೇರೆಯವರು ತಲೆಯೆತ್ತಿ ಆಕಾಶ ನೋಡಿದರೆ ಮಳೆ ಬೀಳುತ್ತದೆಯೇ ಎಂದು ನೋಡುತ್ತಾರೆ. ನಾನು ಆಕಾಶ ಬೀಳುತ್ತದೆಯೇ ಎಂದು ನೋಡುತ್ತೇನೆ. ಅಂಥವನ ಮಗಳು ಚೈತ್ರ ಈ ವರ್ಷ ನಮ್ಮ ಕಾಲೇಜಿಗೇ, ಅದೂ ನನ್ನ ತರಗತಿಗೇ, ಪ್ರಥಮ ಪಿಯುಸಿ ಸೈನ್ಸಿಗೆ ಸೇರಿದಳು. ಮನೆಯಲ್ಲಿ ನನ್ನನ್ನು ಅಪ್ಪ ಎನ್ನುತ್ತಾಳೆ. ಕಾಲೇಜಿನ ಗೇಟು ದಾಟಿದರೆ ಸಾರ್. ಗೇಟಿನಲ್ಲೇ ಮಾತಾಡಬೇಕಾಗಿ ಬಂದರೆ ಇಬ್ಬರೂ ಕೆಮ್ಮುತ್ತೇವೆ.

ಕಾಲೇಜು ಶುರುವಾಗಿ ಒಂದಷ್ಟು ವಾರ ಕಳೆದ ಮೇಲೆ, ಒಂದು ಸಂಜೆ ಅವಳು ನನ್ನ ಪಕ್ಕ ಬಂದು ಕೂತಳು.

"ಅಪ್ಪ, ನಂಗೆ ಸೈನ್ಸ್ ಬೇಡ. ಕಾಮರ್ಸ್‌ಗೆ ಹೋಗ್ತೀನಿ."

ನನ್ನ ಕೈಯಲ್ಲಿದ್ದ ಕಾಫಿ ಲೋಟ ನ್ಯಾಯವಾಗಿ ಕೆಳಗೆ ಬೀಳಬೇಕಿತ್ತು. ಬೀಳಲಿಲ್ಲ, ಏಕೆಂದರೆ ಬೀಳಬಹುದು ಎಂದು ಹೆದರಿ ನಾನು ಯಾವಾಗಲೂ ಎರಡು ಕೈಯಲ್ಲಿ ಹಿಡಿಯುತ್ತೇನೆ. ಸೈನ್ಸ್ ಯಾಕೆ ಬೇಡ ಎಂದು ನಾನು ಅವಳನ್ನು ಕೇಳಲಿಲ್ಲ. ಕೇಳುವುದೇನಿದೆ? ಪಾಠ ಅರ್ಥವಾಗುತ್ತಿಲ್ಲ! ಪಾಠ ಮಾಡುತ್ತಿರುವವನು ಯಾರು? ನಾನು! ಸ್ವಂತ ಮಗಳಿಗೇ ಅರ್ಥವಾಗದ ಹಾಗೆ ಪಾಠ ಮಾಡುವವನು ಊರ ಮಕ್ಕಳಿಗೆಲ್ಲ ಇಷ್ಟು ವರ್ಷ ಏನು ಹೇಳಿಕೊಟ್ಟ?

ಪ್ರಿನ್ಸಿಪಾಲರನ್ನು ವಿಚಾರಿಸಿದೆ. ಬದಲಾಯಿಸಿಕೊಳ್ಳುವುದಾದರೆ ತಿಂಗಳ ಕೊನೆಯೊಳಗೆ ಹೇಳಿ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದರು. ಆಗ ನನಗೆ ಆ ಅಪೂರ್ವ ಉಪಾಯ ಹೊಳೆಯಿತು. ಸೂತ್ರವಿಲ್ಲದ, ಲೆಕ್ಕವಿಲ್ಲದ, ಬಾಯಿಪಾಠಕ್ಕೆ ಎಡೆಯೇ ಇಲ್ಲದ ಒಂದು ಪರೀಕ್ಷೆ ಮಾಡುವುದು. ಬರೀ ತಿಳಿವಳಿಕೆ ಅಳೆಯುವ ಪ್ರಶ್ನೆಗಳು. ಅರ್ಥವಾಗಿದೆಯೋ ಇಲ್ಲವೋ ಕನ್ನಡಿಯಲ್ಲಿ ಕಂಡಂತೆ ಕಾಣಬೇಕು. ಅರ್ಥವಾಗಿದ್ದರೆ ಮಗಳು ಸೈನ್ಸಿನಲ್ಲಿರುತ್ತಾಳೆ, ಇಲ್ಲದಿದ್ದರೆ ಕಾಮರ್ಸ್. ಚೈತ್ರಳಿಗೆ ಹೇಳಿದೆ. ಅವಳು ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ, "ಆಯ್ತಪ್ಪ" ಎಂದಳು.

ಮೊದಲ ಪ್ರಯತ್ನದಲ್ಲಿ ನಾನು ಬರೆದ ಪ್ರಶ್ನೆಗಳೆಲ್ಲ 'ಘರ್ಷಣೆಯೇ ಇಲ್ಲದ ಒಂದು ಸಮತಲದ ಮೇಲೆ' ಎಂದು ಶುರುವಾಗುತ್ತಿದ್ದವು. ನನ್ನ ಹೆಂಡತಿ ಸುನಂದಾ ಬೆಳ್ಳುಳ್ಳಿ ಸುಲಿಯುತ್ತ ಅದನ್ನು ಓದಿಸಿ ಕೇಳಿ, ಆ ಜಾಗ ಎಲ್ಲಿ ಬರುತ್ತದೆ, ಸಾತನೂರಿನಿಂದ ಆಚೆಗಾ ಎಂದಳು. ನಾನು ಹರಿದು ಹಾಕಿ ನಮ್ಮ ಕಡೆಯ ಪ್ರಶ್ನೆಗಳನ್ನು ಬರೆದೆ. ರಾಮನಗರಕ್ಕೆ ಓಡುತ್ತಿರುವ ಟೆಂಪೋದಿಂದ ರೇಷ್ಮೆಗೂಡಿನ ಚೀಲ ಜಾರಿದರೆ ನೆಟ್ಟಗೆ ಕೆಳಗೆ ಬೀಳುತ್ತದೋ, ಮುಂದಕ್ಕೆ ಸಾಗುತ್ತ ಬೀಳುತ್ತದೋ? ಮೇಲೆ ಎಸೆದ ಕಲ್ಲು ತುತ್ತತುದಿಯಲ್ಲಿ ಒಂದು ಗಳಿಗೆ ನಿಂತಾಗ ಅದರ ಮೇಲೆ ಬಲ ಇದೆಯೋ, ಇಲ್ಲವೋ? ಇವೆಲ್ಲಕ್ಕೂ ಕಳಶವಿಟ್ಟಂತೆ ಕೊನೆಯ ಪ್ರಶ್ನೆ: ಹೊಸ ಬಸ್ಸಿಗೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದಾರೆ. ಬಸ್ಸು ಹರಿಯುತ್ತದೆ. ಬಸ್ಸು ನಿಂಬೆಹಣ್ಣನ್ನು ಒತ್ತುವ ಬಲ ಹೆಚ್ಚೋ, ನಿಂಬೆಹಣ್ಣು ಬಸ್ಸನ್ನು ಒತ್ತುವ ಬಲ ಹೆಚ್ಚೋ?

ಎರಡೂ ಸಮ. ಚಲನೆಯ ಮೂರನೆಯ ನಿಯಮ. ಬರೆದು ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು. ಭುಜ ಹಿಡಿದುಕೊಂಡೀತೆಂದು ಬಿಟ್ಟೆ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ! ಪ್ರಶ್ನೆ ತೀರಾ ಕಷ್ಟವಾಯಿತೇನೋ ಎಂಬ ಚಿಂತೆ ಹತ್ತಿಕೊಂಡಿತು. ಯಾರ ಮೇಲಾದರೂ ಪ್ರಯೋಗಿಸಿ ನೋಡೋಣವೆಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಸಿದ್ದೇಗೌಡರನ್ನು ಕರೆದೆ. ಅವರು ಹಿಪ್ಪುನೇರಳೆ ಬೆಳೆಯುವವರು, ಯಾವ ವಿಷಯದಲ್ಲೂ ಅನುಮಾನವೆಂಬುದೇ ಇಲ್ಲದವರು. ಪ್ರಶ್ನೆ ಕೇಳಿ ಅವರು ನನ್ನನ್ನು ಕನಿಕರದಿಂದ ನೋಡಿದರು.

"ನಿಂಬೆಹಣ್ಗೆ ಅಷ್ಟು ಬಲ ಇದ್ದಿದ್ರೆ ಅದ್ಯಾಕೆ ಬಂದು ಬಸ್ ಕೆಳ್ಗೆ ಮನಿಕತ್ತಿತ್ತು ಮೇಷ್ಟ್ರೇ?"

ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಪ್ರತ್ಯಕ್ಷ ತೋರಿಸುತ್ತೇನೆ ಎಂದು ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು, ಬೀದಿಯಲ್ಲಿ ನಿಂತಿದ್ದ ನನ್ನ ಹಳೆಯ ಸ್ಕೂಟರಿನ ಮುಂದಿನ ಚಕ್ರದಡಿ ಇಟ್ಟೆ. ಇದೇ ನಾನು ಮಾಡಿದ ತಪ್ಪು. ನಮ್ಮ ಸೀಮೆಯಲ್ಲಿ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಪಕ್ಕದಲ್ಲಿ ಗಂಭೀರವಾಗಿ ನಿಂತ ಮನುಷ್ಯನನ್ನು ಯಾರೂ ವಿಜ್ಞಾನಿ ಎಂದುಕೊಳ್ಳುವುದಿಲ್ಲ!

ಎದುರುಮನೆಯವರು ಕೈ ಒರೆಸಿಕೊಳ್ಳುತ್ತ ಬಂದರು. ಹಾಲು ತರಲು ಹೊರಟಿದ್ದವರು ಪಾತ್ರೆಸಮೇತ ನಿಂತರು. ಇದು ಹೊಸ ಗಾಡಿಯಲ್ಲ ಎಂದು ನಾನು ಹೇಳಿದ್ದಕ್ಕೆ, ಸೆಕೆಂಡ್ ಹ್ಯಾಂಡ್ ಆದರೇನು ಪೂಜೆ ಪೂಜೆಯೇ ಎಂದು ಸಮಾಧಾನ ಮಾಡಿದರು. ಇದು ಹನ್ನೆರಡು ವರ್ಷದಿಂದ ನನ್ನದೇ ಗಾಡಿ ಎಂದೆ. ಹಾಗಾದರೆ ಆಕ್ಸಿಡೆಂಟ್ ಏನಾದರೂ ಆಯಿತೇ ಎಂದು ಎಲ್ಲರೂ ನನ್ನ ಕೈಕಾಲು ನೋಡಿದರು. ಅಷ್ಟರಲ್ಲಿ ಸಿದ್ದೇಗೌಡರು ಮನೆಗೆ ಹೋಗಿ ಊದುಬತ್ತಿ, ಕುಂಕುಮ, ಒಂದು ತೆಂಗಿನಕಾಯಿ ತಂದಿದ್ದರು. ಒಂದು ಚಕ್ರಕ್ಕಿಟ್ಟು ಇನ್ನೊಂದಕ್ಕೆ ಬಿಡಬಾರದೆಂದು ಎರಡನೆಯ ನಿಂಬೆಹಣ್ಣೂ ಬಂತು. ಇದು ಬರೀ ಪ್ರಯೋಗ ಎಂದು ನಾನು ಗೋಗರೆದೆ.

"ಪ್ರಯೋಗ ಆದ್ರೂ ದೇವ್ರಿಗೆ ಒಂದ್ ಮಾತು ಹೇಳಿ ಮಾಡುದ್ರೆ ಏನ್ ಹೋಯ್ತದೆ?" ಎಂದು ಅವರು ಹೆಡ್‌ಲೈಟಿಗೆ ಕುಂಕುಮ ಹಚ್ಚಿದರು.

ಕಾಯಿ ಒಡೆಯಿತು. ನಾನು ಗಾಡಿ ಹತ್ತಿದೆ. ಮೂರನೆಯ ನಿಯಮದ ಮಾನ ಉಳಿಸಲು ನಿಧಾನವಾಗಿ ಮುಂದಕ್ಕೆ ಬಿಟ್ಟೆ. ಹಿಂದಿನ ನಿಂಬೆಹಣ್ಣು ವಿಧೇಯವಾಗಿ ಒಡೆಯಿತು. ಮುಂದಿನದು ಒಡೆಯಲಿಲ್ಲ, ಚಕ್ರದಡಿಯಿಂದ ಪುಳಕ್ಕನೆ ಜಾರಿ, ಹಾರಿ, ಹಾಲಿಗೆ ಹೊರಟಿದ್ದವರ ಪಾತ್ರೆಗೆ ಠಣ್ಣೆಂದು ಬಡಿದು ಚರಂಡಿ ಸೇರಿತು. ನೆರೆದವರೆಲ್ಲ ಶುಭವೋ ಅಶುಭವೋ ತಿಳಿಯದೆ ಸಿದ್ದೇಗೌಡರ ಮುಖ ನೋಡಿದರು. ಅವರು, ಕಂಡಿರಾ, ಬಲವಿಲ್ಲದ್ದಕ್ಕೇ ಹೆದರಿ ಓಡಿದ್ದು ಎಂದು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು. ಒಪ್ಪಿಯೂ ಯಾರೂ ಮನೆಗೆ ಹೋಗಲಿಲ್ಲ. ಪೂಜೆಯಾದ ಮೇಲೆ ಬಾಯಿ ಸಿಹಿ ಮಾಡುವುದು ಪದ್ಧತಿ!

ಸುನಂದಾ ಒಳಗೆ ಹೋಗಿ ಕೇಸರಿಬಾತು ಮಾಡಿದಳು. ಮಾತಾಡುವ ಕೆಲಸವನ್ನು ಪಾತ್ರೆಗಳಿಗೆ ವಹಿಸಿದ್ದಳು.

ಆ ಬೀದಿಗೆ ಬೀದಿಯೇ ನನ್ನ ಪ್ರಶ್ನೆಯಲ್ಲಿ ಫೇಲಾದ ಮೇಲೆ ನನಗೆ ನಿದ್ದೆ ಹತ್ತುವುದುಂಟೇ? ಹುಡುಗರೂ ಫೇಲಾಗುತ್ತಾರೆ. ಚೈತ್ರಳೂ ಫೇಲಾಗುತ್ತಾಳೆ. ನನ್ನ ಪರೀಕ್ಷೆಯೇ ಅವಳನ್ನು ನನ್ನ ತರಗತಿಯಿಂದ ಹೊರಗೆ ಕಳಿಸುತ್ತದೆ. ಹಾಗೆಂದು ಪ್ರಶ್ನೆಪತ್ರಿಕೆ ಬಯಲು ಮಾಡುವಷ್ಟು ನೀತಿಗೆಟ್ಟವನೇ ನಾನು? ಎಂದಿಗೂ ಅಲ್ಲ. ನಾನು ಉದಾಹರಣೆ ಕೊಟ್ಟೆ, ಅಷ್ಟೆ.

ಹಾಜರಿ ಕರೆಯುವ ನಡುವೆ, ನಿಂಬೆಹಣ್ಣು ನೋಡಲು ಸಣ್ಣದು ಪಾಪ, ಆದರೆ ತಾನೂ ಅಷ್ಟೇ ಬಲದಿಂದ ಒತ್ತುತ್ತದೆ ಎಂದೆ. ತಡವಾಗಿ ಬಂದವನನ್ನು ಗದರುವಾಗ, ಗೂಡಿನ ಚೀಲಕ್ಕೂ ಮುಂದಕ್ಕೆ ಹೋಗುವ ಅಭ್ಯಾಸವಿರುತ್ತದೆ ಪಾಪ, ಟೆಂಪೋ ಬಿಟ್ಟ ತಕ್ಷಣ ಅದನ್ನು ಮರೆಯುವುದಿಲ್ಲ ಎಂದೆ. ತನಗೂ ಚೀಲಕ್ಕೂ ಏನು ಸಂಬಂಧವೆಂದು ಅವನು ತಲೆ ಕೆರೆದುಕೊಂಡ. ಮನೆಯಲ್ಲಿ ಊಟಕ್ಕೆ ಕೂತಾಗ ಮೇಲೆ ಎಸೆದ ಕಲ್ಲಿನ ವಿಚಾರ ತೆಗೆದೆ. ಮಗು ಮುದ್ದೆಯಾದರೂ ನೆಮ್ಮದಿಯಾಗಿ ನುಂಗಲಿ ಬಿಡಿ ಎಂದು ಸುನಂದಾ ಸಾರು ಬಡಿಸಿದ ರಭಸಕ್ಕೆ ಕಲ್ಲು ಅಲ್ಲೇ ಮೇಲೆ ನಿಂತುಹೋಯಿತು. ಮಾರನೆಯ ದಿನ ತರಗತಿಯಲ್ಲಿ ಅದನ್ನು ಕೆಳಗಿಳಿಸಿದೆ.

ಪರೀಕ್ಷೆಯ ದಿನ ಬಂತು. ಕರೆಂಟಿತ್ತು. ಕೋತಿಗಳು ಬೇರೆಲ್ಲೋ ಹೋಗಿದ್ದವು. ಬಸ್ಸುಗಳೆಲ್ಲ ಬಂದವು, ಆನೆಗಳು ಬರಲಿಲ್ಲ. ಮಕ್ಕಳು ಸರಸರನೆ ಬರೆದು ಗಂಟೆ ಹೊಡೆಯುವ ಮೊದಲೇ ಕೈಕಟ್ಟಿ ಕೂತರು. ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ನೋಡತೊಡಗಿದೆ. ಮೊದಲನೆಯದರಲ್ಲಿ ಎಲ್ಲ ಸರಿ. ಎರಡನೆಯದರಲ್ಲೂ ಎಲ್ಲ ಸರಿ. ಕಣ್ಣು ಮಂಜಾಯಿತು. ಪ್ರಿನ್ಸಿಪಾಲರು ಇಣುಕಿ ನೋಡಿ ಬೆರಗಾದರು. ಚನ್ನಪಟ್ಟಣ, ಮಾಗಡಿಯ ಕಾಲೇಜಿನವರೂ ಇದನ್ನು ಕಲಿಯಬೇಕು, ರಾಮನಗರದಲ್ಲಿ ಉಪನ್ಯಾಸಕರ ಸಭೆ ಇದೆ, ನೀವೇ ಮಾತಾಡಿ ಎಂದರು. ನನ್ನದೇನಿದೆ ಸಾರ್, ಎಲ್ಲ ಮಕ್ಕಳದು ಎಂದು ನಾನು ಕತ್ತು ಬಗ್ಗಿಸಿದೆ. ಇಷ್ಟು ಬಗ್ಗಿಸಿದರೆ ಸಾಕೇ ಎಂದು ಯೋಚಿಸಿ ಇನ್ನೊಂಚೂರು ಬಗ್ಗಿಸಿದೆ.

ಆಮೇಲೆ ಹಿಂದಿನ ಬೆಂಚಿನಲ್ಲಿ ಸದಾ ನಿದ್ದೆ ಮಾಡುವ ಒಬ್ಬನ ಉತ್ತರಪತ್ರಿಕೆ ಕೈಗೆ ಬಂತು. 'ಚೀಲಕ್ಕೆ ಮುಂದಕ್ಕೆ ಹೋಗುವ ಅಭ್ಯಾಸವಿರುತ್ತದೆ ಪಾಪ' ಎಂದು ಬರೆದಿದ್ದ. ಹಿಂದಿನವುಗಳನ್ನು ತಿರುವಿ ನೋಡಿದೆ. 'ನಿಂಬೆಹಣ್ಣು ಸಣ್ಣದು ಪಾಪ.' ಮುಂದಿನದು, 'ಪಾಪ.' ಅದರ ಮುಂದಿನದು ಚೈತ್ರಳದು, ಅಲ್ಲೂ 'ಪಾಪ.' ಇಡೀ ತರಗತಿ ನಿಂಬೆಹಣ್ಣಿಗೆ ಮರುಗಿತ್ತು! ನಾನು ಪರೀಕ್ಷಿಸಿದ್ದು ಮಕ್ಕಳ ತಿಳಿವಳಿಕೆಯನ್ನಲ್ಲ, ನನ್ನ ಧ್ವನಿ ಹಿಂದಿನ ಬೆಂಚಿನವರೆಗೆ ಕೇಳುತ್ತದೆಯೇ ಎಂಬುದನ್ನು. ಕೇಳುತ್ತದೆ. ನಿದ್ದೆಯಲ್ಲೂ ಕೇಳುತ್ತದೆ.

ಆ ಸಂಜೆ ಮನೆಗೆ ಬಂದು ಚೈತ್ರಳ ಎದುರು ಕೂತೆ. ಅವಳು ಅಮ್ಮನಿಗೆ ಹಪ್ಪಳ ಕರಿಯಲು ಡಬ್ಬಿಯಿಂದ ಎತ್ತಿಕೊಡುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ನಿಜ ಹೇಳು ಮಗ, ನಿನಗೆ ಅರ್ಥವಾಗಿತ್ತೋ, ನೀನೂ ಬರೀ ನಾನು ಹೇಳಿದ್ದನ್ನೇ ಬರೆದೆಯೋ ಎಂದು ಕೇಳಿದೆ. ಅವಳು ಒಂದು ಹಪ್ಪಳವನ್ನು ಬೆರಳಿನಿಂದ ಒತ್ತಿ ಲಟಕ್ಕನೆ ಮುರಿದಳು.

"ನಾನು ಇದನ್ನ ಎಷ್ಟು ಒತ್ತಿದ್ನೋ ಇದೂ ನನ್ನ ಬೆರಳನ್ನ ಅಷ್ಟೇ ಒತ್ತಿತು ಅಪ್ಪ. ಬಲ ಸಮನೇ. ತಡ್ಕೊಳ್ಳೋದು ಸಮ ಇಲ್ಲ, ಅದಕ್ಕೇ ಹಪ್ಪಳ ಮುರೀತು, ಬೆರಳು ಮುರೀಲಿಲ್ಲ. ಸಿದ್ದೇಗೌಡ ಮಾವಂಗೆ ಹಿಂಗೆ ಹೇಳಿದ್ರೆ ಆಗ್ತಿತ್ತು, ಸ್ಕೂಟರ್ ಯಾಕೆ ಬೇಕಿತ್ತು?"

"ನಮ್ಮಿಬ್ರುದೂ ಹಂಗೇ ಕಣವ್ವ," ಎಂದಳು ಸುನಂದಾ ಬಾಣಲೆಯ ಕಡೆಯಿಂದ. "ಬಲ ಸಮ. ಇಪ್ಪತ್ತು ವರ್ಷದಿಂದ ತಡ್ಕೊತಿರೋಳು ನಾನು."

ನನಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಮಗಳಿಗೆ ಅರ್ಥವಾಗಿದೆ! ನಾನು ಎಂದೂ ಹೇಳದ ಉದಾಹರಣೆಯಿಂದ, ನನಗಿಂತ ಚೆನ್ನಾಗಿ! ಅಷ್ಟು ದಿನದಿಂದ ಬಿಗಿಹಿಡಿದಿದ್ದ ಉಸಿರು ಬಿಟ್ಟೆ. ಇನ್ನೇನು, ಸೈನ್ಸಿನಲ್ಲೇ ಇರು, ನಾಳೆಯೇ ಪ್ರಿನ್ಸಿಪಾಲರಿಗೆ ಹೇಳಿಬಿಡುತ್ತೇನೆ ಎಂದೆ.

ಚೈತ್ರ ಮುರಿದ ಹಪ್ಪಳದ ಚೂರುಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿದಳು.

"ಅರ್ಥ ಆಗಿಲ್ಲ ಅಂತ ನಾನು ಯಾವತ್ತು ಹೇಳ್ದೆ ಅಪ್ಪ? ಬೇಡ ಅಂತ ಹೇಳ್ದೆ."

ಸುನಂದಾ ಒಲೆ ಸಣ್ಣ ಮಾಡಿದಳು. ಮತ್ತೆ ಪರೀಕ್ಷೆಗೆ ನೀನು ಯಾಕೆ ಒಪ್ಪಿಕೊಂಡೆ, ಮುಂಚೆಯೇ ಹೇಳಬಹುದಿತ್ತಲ್ಲ ಎಂದೆ ನಾನು.

"ನೀನು ರಾತ್ರಿಯೆಲ್ಲ ಅಷ್ಟು ಖುಷಿಯಾಗಿ ಪ್ರಶ್ನೆ ಬರೀತಿದ್ದೆ. ಅದನ್ನ ನೋಡಿ ಹೇಳಕ್ಕೆ ಮನಸ್ಸು ಬರ್ಲಿಲ್ಲ. ನಂಗೆ ಆ ಗೂಡಿನ ಚೀಲ ಹೆಂಗೆ ಬೀಳುತ್ತೆ ಅನ್ನೋದಕ್ಕಿಂತ, ಮಾರ್ಕೆಟ್‌ನಲ್ಲಿ ಗೂಡಿನ ರೇಟ್ ಹೆಂಗೆ ಬೀಳುತ್ತೆ, ಯಾರು ಬೀಳಿಸ್ತಾರೆ ಅನ್ನೋದು ತಿಳ್ಕೋಬೇಕು ಅನ್ಸುತ್ತೆ. ನೀನು ಪಾಠ ಚೆನ್ನಾಗೇ ಮಾಡ್ತೀಯ ಅಪ್ಪ. ನಿಜವಾಗ್ಲೂ."

ಕೊನೆಯ ಮಾತು ಹೇಳುವಾಗ ಅವಳ ಕೈ ನನ್ನ ಮೊಣಕೈ ಮೇಲಿತ್ತು. ಎಷ್ಟು ಮೆಲ್ಲಗಿತ್ತೆಂದರೆ, ನಾನೂ ಅಷ್ಟೇ ಮೆಲ್ಲಗೆ ಅವಳ ಕೈಯನ್ನು ಒತ್ತುತ್ತಿದ್ದೆನೆಂಬುದು ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಇಬ್ಬರೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಇಷ್ಟು ಚೆನ್ನಾಗಿ ಬರೆದ ಹುಡುಗಿ ಯಾಕೆ ಹೋಗುತ್ತಾಳೆ ಮೇಷ್ಟ್ರೇ, ಎಲ್ಲಿ ಏನು ಕೆಟ್ಟಿತು ಎಂದು ಅವರು ಕೇಳಿದರು. ಕೆಟ್ಟದ್ದು ಬಹಳ ಸಣ್ಣದು. ಚೀಲ, ಕಲ್ಲು, ನಿಂಬೆಹಣ್ಣುಗಳ ಬಗ್ಗೆ ಹುಡುಕಿ ಹುಡುಕಿ ಪ್ರಶ್ನೆ ಬರೆದ ನಾನು, ನಿನಗೆ ಇದು ಇಷ್ಟವೇನವ್ವ ಎಂದು ಕೇಳುವುದನ್ನು ಮರೆತಿದ್ದೆ.